ಬೇಸಿಗೆ ನಮಗೆ ಓದುವ ಕಾಲವಾಗಲಿ: ಹಳೇಕೋಟೆ ಸುತ್ತಿನ ವಿಜ್ಞಾನ ಶಿಕ್ಷಕರ ಹಕ್ಕೊತ್ತಾಯ ಪತ್ರ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ, ಉನ್ನತ ಶಿಕ್ಷಣ ಇಲಾಖೆ, ಡಿಎಸ್‌ಇಆರ್‌ಟಿ, ಹಾಸನ ವಿಶ್ವವಿದ್ಯಾಲಯ ಹಾಗೂ ಹಾಸನ ಡಯಟ್ ಇವರ ಗಮನಕ್ಕೆ



ನಾವು ಹಳೇಕೋಟೆ ಹೋಬಳಿಯಲ್ಲಿ ಮತ್ತು ಅದರ ಸುತ್ತಲಿನ ಹೊಳೆನರಸೀಪುರ, ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ವಿಜ್ಞಾನ, ಗಣಿತ ಕಲಿಸುವವರು. ಸಿಬ್ಬಂದಿ ಕೊಠಡಿಯಲ್ಲಿ ನಮ್ಮನ್ನು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮೇಷ್ಟ್ರು, ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಮೇಡಂ ಎಂದೇ ಕರೆಯುತ್ತಾರೆ. ಈ ಪತ್ರದಲ್ಲಿ ವೇತನದ ಮಾತಿಲ್ಲ, ವರ್ಗಾವಣೆಯ ಮಾತೂ ಇಲ್ಲ. ಅವುಗಳಿಗೆ ನಮ್ಮ ಸಂಘಗಳಿವೆ. ನಾವು ಕೇಳುತ್ತಿರುವುದು ಓದಲು ಅವಕಾಶ. ಕೆಲಸದಲ್ಲಿ ಇದ್ದುಕೊಂಡೇ, ಬೇಸಿಗೆ ರಜೆಯಲ್ಲಿ, ನಮ್ಮದೇ ಜಿಲ್ಲೆಯಲ್ಲಿ, ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆಯುವ ಅವಕಾಶ.

ಯಾಕೆ ಕೇಳುತ್ತಿದ್ದೇವೆ ಎಂದು ಮೊದಲು ಹೇಳಬೇಕು. ಸಿಬಿಝಡ್ ಓದಿ ಬಂದ ಶಿಕ್ಷಕಿ ಭೌತಶಾಸ್ತ್ರದ ಪುಸ್ತಕವನ್ನು ಕೊನೆಯ ಸಲ ತೆರೆದದ್ದು ಪಿಯುಸಿಯಲ್ಲಿ. ಹತ್ತನೇ ತರಗತಿಯ ಪುಸ್ತಕದಲ್ಲಿ ವಿದ್ಯುಚ್ಛಕ್ತಿ ಇದೆ, ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳಿವೆ, ಬೆಳಕಿನ ಪ್ರತಿಫಲನ, ವಕ್ರೀಭವನ ಇವೆ. ಪಿಸಿಎಂ ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಯಲ್ಲಿ ಅವೆಲ್ಲವೂ ಅವರ ಹೆಗಲಿಗೇ ಬೀಳುತ್ತವೆ. ರಾತ್ರಿ ಓದಿಕೊಂಡು ಬೆಳಿಗ್ಗೆ ಪಾಠ ಮಾಡುತ್ತಾರೆ. ಪಾಠ ಮುಗಿಯುತ್ತದೆ, ಪರೀಕ್ಷೆಯೂ ಮುಗಿಯುತ್ತದೆ. ಆದರೆ ಮಗುವೊಂದು ಎದ್ದು ನಿಂತು ಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಕೇಳಿದಾಗ ಆ ಶಿಕ್ಷಕಿಯ ಕಣ್ಣಲ್ಲಿ ಒಂದು ಕ್ಷಣ ಮೂಡುವ ಅಳುಕು ನಮಗೆಲ್ಲ ಗೊತ್ತು. ಆ ಅಳುಕು ಮಗುವಿಗೂ ಕಾಣುತ್ತದೆ. ಪಿಸಿಎಂನವರಿಗೆ ಹೂವಿನ ನೀಳ ಸೀಳಿಕೆ, ಅನುವಂಶೀಯತೆ ಬಂದಾಗಲೂ ಪಾಡು ಇದೇ.

ತರಬೇತಿಗಳೇನೋ ಬರುತ್ತವೆ. ಎರಡು ದಿನ, ಒಂದು ಪ್ರೊಜೆಕ್ಟರು, ಹಾಜರಿ ಸಹಿ, ಚಹಾ, ಕೊನೆಗೆ ಗುಂಪು ಫೋಟೊ. ಸಂಪನ್ಮೂಲ ವ್ಯಕ್ತಿಯಾಗಿ ಬರುವವರೂ ನಮ್ಮಂತೆಯೇ ಹಿಂದಿನ ವಾರ ಇನ್ನೊಂದು ಕಡೆ ತರಬೇತಿ ಪಡೆದು ಬಂದವರು. ಅವರ ಮೇಲೆ ನಮಗೆ ದೂರಿಲ್ಲ. ವರ್ಷಕ್ಕೆ 50 ಗಂಟೆಗಳ ವೃತ್ತಿ ಅಭಿವೃದ್ಧಿ ಆಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಮೊಬೈಲಿನಲ್ಲಿ ವಿಡಿಯೊ ಓಡಿಸಿ ಆ ಗಂಟೆಗಳನ್ನು ತುಂಬಿಸಬಹುದು. ಓಮ್‌ನ ನಿಯಮವನ್ನು ತಂತಿ, ಸೆಲ್ಲು, ಅಮ್ಮೀಟರು ಹಿಡಿದು ಸ್ವತಃ ಪರೀಕ್ಷಿಸಿ ನೋಡದವರಿಗೆ ಆ ಗಂಟೆಗಳಿಂದ ಆಗುವುದೇನು?

ಇನ್ನೊಂದು ಸಂಗತಿ. ನಮ್ಮಲ್ಲಿ ಹಲವರ ಹೆಸರಿನ ಮುಂದೆ ಎಂ.ಎ. ಇದೆ: ಚರಿತ್ರೆ, ರಾಜ್ಯಶಾಸ್ತ್ರ, ಕನ್ನಡ. ಆ ವಿಷಯಗಳ ಬಗ್ಗೆ ನಮಗೆ ಗೌರವವಿದೆ. ಆದರೆ ವಿಜ್ಞಾನ ಕಲಿಸುವವರು ಅವನ್ನು ಓದಿದ್ದು ಒಲವಿನಿಂದಲ್ಲ, ಅಂಚೆಯಲ್ಲಿ ಓದಿ ಮುಗಿಸಬಹುದು ಎಂಬ ಕಾರಣಕ್ಕೆ. ಪೂರ್ಣಾವಧಿ ಎಂ.ಎಸ್ಸಿ.ಗೆ ಪ್ರಯೋಗಾಲಯ ಬೇಕು, ದಿನವೂ ಹಾಜರಿ ಬೇಕು, ಎರಡು ವರ್ಷ ಸಂಬಳವಿಲ್ಲದ ರಜೆ ಹಾಕಬೇಕು. ಮನೆ ಕಟ್ಟಲು ಸಾಲ ತೆಗೆದ ಯಾವ ಶಿಕ್ಷಕ ಇದಕ್ಕೆ ಧೈರ್ಯ ಮಾಡಿಯಾನು?

ಆದ್ದರಿಂದ ನಮ್ಮ ಒತ್ತಾಯಗಳು ಇವು.

1. ನಾಲ್ಕು ಬೇಸಿಗೆಗಳಲ್ಲಿ ಮುಗಿಯುವ ಎಂ.ಎಸ್ಸಿ. ಬೇಕು

ಹಾಸನ ವಿಶ್ವವಿದ್ಯಾಲಯವು ಸೇವೆಯಲ್ಲಿರುವ ಶಿಕ್ಷಕರಿಗಾಗಿ ವಿಜ್ಞಾನ ಮತ್ತು ಗಣಿತ ಶಿಕ್ಷಣದ ಸ್ನಾತಕೋತ್ತರ ಪದವಿಯನ್ನು ಆರಂಭಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕು ವಾರಗಳ ವಸತಿ ಸಹಿತ ಕಲಿಕೆ. ಉಳಿದ ತಿಂಗಳುಗಳಲ್ಲಿ ತಮ್ಮ ಶಾಲೆಯಲ್ಲೇ ಮಾಡುವ ಒಂದು ಅಧ್ಯಯನ. ದಸರಾ ರಜೆಯಲ್ಲಿ ಒಂದು ವಾರ ಕೂಡಿ ಕುಳಿತು ಅದರ ಪರಿಶೀಲನೆ. ಹೀಗೆ ನಾಲ್ಕು ವರ್ಷ.

ಇದು ಹೊಸದಾಗಿ ಹುಟ್ಟಿದ ಆಸೆಯಲ್ಲ. 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯ, ಅಂದರೆ ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ (ಆರ್‌ಐಇ), ತರಬೇತಿ ಇಲ್ಲದೆ ಕೆಲಸಕ್ಕೆ ಸೇರಿದ ಶಿಕ್ಷಕರಿಗೆ ಬೇಸಿಗೆ ಶಾಲೆ ಮತ್ತು ಅಂಚೆ ಪಾಠ ಸೇರಿಸಿ ಬಿ.ಎಡ್. ಕೊಟ್ಟ ಸಂಸ್ಥೆ. ಅದೇ 1963ರಲ್ಲೇ ದೇಶದಲ್ಲಿ ವಿಜ್ಞಾನ, ಗಣಿತ ಶಿಕ್ಷಕರ ಬೇಸಿಗೆ ಸಂಸ್ಥೆಗಳೂ ಶುರುವಾದವು. ಕಾಲೇಜು ಅಧ್ಯಾಪಕರು, ಪ್ರೌಢಶಾಲಾ ಶಿಕ್ಷಕರು ವಾರಗಟ್ಟಲೆ ವಿಶ್ವವಿದ್ಯಾಲಯಗಳಲ್ಲಿ ತಂಗಿ ಹೊಸ ಭೌತಶಾಸ್ತ್ರ, ಹೊಸ ಗಣಿತ ಕಲಿತು ಊರಿಗೆ ಮರಳಿದರು. ಅಮೆರಿಕದಲ್ಲಿ 1957ರ ಸ್ಪುಟ್ನಿಕ್ ಉಡಾವಣೆಯ ನಂತರ ಇಂಥ ಬೇಸಿಗೆ ಸಂಸ್ಥೆಗಳು ದೇಶದ ತುಂಬ ಹಬ್ಬಿದ್ದವು. ಅಲ್ಲಿನ ಮೊಂಟಾನಾ ರಾಜ್ಯ ವಿಶ್ವವಿದ್ಯಾಲಯ ಈಗಲೂ ವಿಜ್ಞಾನ ಶಿಕ್ಷಕರಿಗೆಂದೇ ಒಂದು ಎಂ.ಎಸ್. ನಡೆಸುತ್ತದೆ. ವರ್ಷವಿಡೀ ದೂರದಿಂದ ಓದು, ಬೇಸಿಗೆಯಲ್ಲಿ ಬೋಜ್‌ಮನ್ ಊರಿಗೆ ಹೋಗಿ ಕೈಯಾರೆ ಕೆಲಸ. ನಮ್ಮಲ್ಲಿ 60 ವರ್ಷದ ಹಿಂದೆ ಆಗಿದ್ದು ಈಗ ಆಗದು ಎನ್ನಲು ಕಾರಣ ನಮಗೆ ಕಾಣುತ್ತಿಲ್ಲ.

2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎದ್ದಾಗ ಆ ಪಟ್ಟಿಯಲ್ಲಿ ಹಾಸನದ ಹೆಸರೂ ಇತ್ತು. ಮುಚ್ಚಬಾರದು ಎಂದು ಜಿಲ್ಲೆ ದನಿ ಎತ್ತಬೇಕಾದರೆ ವಿಶ್ವವಿದ್ಯಾಲಯವೂ ಜಿಲ್ಲೆಗೆ ಬೇಕಾದ ಕೆಲಸ ಮಾಡಬೇಕು. ವಿಶ್ವವಿದ್ಯಾಲಯದ ಹೇಮಗಂಗೋತ್ರಿ ಆವರಣದ ಪ್ರಯೋಗಾಲಯಗಳನ್ನು ಬೇಸಿಗೆಯಲ್ಲಿ ನಮಗೆ ತೆರೆಯಿರಿ.

2. ಮೊದಲು ವಿಜ್ಞಾನ, ಆಮೇಲೆ ಬೋಧನಾ ವಿಧಾನ

ಬಿ.ಎಡ್.ನಲ್ಲಿ ಕಲಿತ ಮನೋವಿಜ್ಞಾನವನ್ನು ಮತ್ತೆ ಕೇಳಿಸಿಕೊಳ್ಳಲು ನಾವು ಬರುವುದಿಲ್ಲ. ಕೋರ್ಸಿನ ಅರ್ಧಕ್ಕಿಂತ ಹೆಚ್ಚು ಸಮಯ ಪ್ರಯೋಗಾಲಯದಲ್ಲೂ ಹೊಲದಲ್ಲೂ ಕಳೆಯಬೇಕು. ಅದೂ ಈ ನೆಲದ ಪ್ರಶ್ನೆಗಳನ್ನು ಹಿಡಿದು.

ಆಲೂಗಡ್ಡೆಯನ್ನೇ ನೋಡಿ. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಪಂಜಾಬಿನಿಂದ ಬಿತ್ತನೆ ಗಡ್ಡೆ ಬಂದಿಳಿಯುತ್ತದೆ. ಮುಂಗಾರು ಹಿಡಿಯುವ ಮುಂಚೆ ನಮ್ಮ ಮಕ್ಕಳೇ ಅಪ್ಪ, ಅಮ್ಮನ ಜೊತೆ ಕೂತು ಒಂದೊಂದು ಹೋಳಿನಲ್ಲೂ ಕಣ್ಣು ಉಳಿಯುವಂತೆ ಗಡ್ಡೆ ಕತ್ತರಿಸುತ್ತಾರೆ. ಆ ಹೋಳಿನಿಂದ ಬ್ಲೇಡಿನಲ್ಲಿ ಎಳೆ ತೆಳುವಾಗಿ ಸೀಳಿ, ಗಾಜಿನ ಪಟ್ಟಿಯ ಮೇಲಿಟ್ಟು, ಒಂದು ಹನಿ ಅಯೋಡಿನ್ ಬಿಟ್ಟು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಪಿಷ್ಟದ ಕಾಳುಗಳು ನೀಲಿ ಬಣ್ಣಕ್ಕೆ ತಿರುಗಿ ಕಾಣುತ್ತವೆ. ಅಯೋಡಿನ್ ಹಾಕುವ ಮುನ್ನ ಬೆಳಕು ತಗ್ಗಿಸಿ ನೋಡಿದರೆ ಒಂದೊಂದು ಕಾಳಿನಲ್ಲೂ ಒಂದು ಬದಿಗೆ ಸರಿದ ಚುಕ್ಕಿ, ಅದರ ಸುತ್ತ ಉಂಗುರಗಳು. ಕತ್ತರಿಸಿದ ಹೋಳನ್ನು ನೆರಳಲ್ಲಿ ಎರಡು ಮೂರು ದಿನ ಬಿಟ್ಟರೆ ಗಾಯದ ಮೇಲೆ ಬೆಂಡಿನಂಥ ಪದರ ಕಟ್ಟುತ್ತದೆ. ಹಾಗೆ ಬಿಡದೆ ಹಸಿಯಾಗಿಯೇ ತೇವದ ಮಣ್ಣಿಗೆ ಹಾಕಿದರೆ ಕೊಳೆಯುವ ಅಪಾಯ ಹೆಚ್ಚು. ಇಡೀ ಗಡ್ಡೆ, ಗಾಯ ಮಾಗಿದ ಹೋಳು, ಹಸಿ ಹೋಳು ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಿ ಎಷ್ಟು ಮೊಳೆತವು, ಎಷ್ಟು ಕೊಳೆತವು ಎಂದು ಎಣಿಸುವುದು ಒಂದು ಪೂರ್ಣ ಪ್ರಯೋಗ. ಅದಕ್ಕೆ ಸಂಖ್ಯಾಶಾಸ್ತ್ರ ಬೇಕು, ಜೀವಕೋಶದ ಅರಿವು ಬೇಕು, ತಾಳ್ಮೆ ಬೇಕು. ಜುಲೈ, ಆಗಸ್ಟಿನ ಮೋಡ ಕವಿದ ತಂಪಿನಲ್ಲಿ ಅಂಗಮಾರಿ ಬಂದಾಗ ಎಲೆಯ ಅಡಿಯ ಬಿಳಿ ಬೂಷ್ಟನ್ನು ಅದೇ ಸೂಕ್ಷ್ಮದರ್ಶಕದಲ್ಲಿ ಮಕ್ಕಳಿಗೆ ತೋರಿಸಬಹುದು. 1845ರಲ್ಲಿ ಐರ್ಲೆಂಡನ್ನು ಹಸಿವಿಗೆ ದೂಡಿದ ರೋಗ ಇದೇ. ಇಲ್ಲಿ ಎಷ್ಟೋ ರೈತರು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ತಿರುಗಿದ್ದಕ್ಕೂ ಇದು ಕಾರಣ. ತನ್ನ ಮನೆಗೆ ನಷ್ಟ ತಂದದ್ದನ್ನು ಕಣ್ಣಾರೆ ಕಂಡ ಮಗು ಜೀವಶಾಸ್ತ್ರವನ್ನು ಬೇರೆ ರೀತಿ ಓದುತ್ತದೆ.

ಅರಕಲಗೂಡು ಕಡೆಯವರಿಗೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಇದೆ. ಮೊದಲು ಹದವಾದ ಬಿಸಿಯಲ್ಲಿ ಎಲೆ ಹಳದಿಗೆ ತಿರುಗಬೇಕು, ಕೊನೆಗೆ ನಡುನರ ಒಣಗಿಸಲು ಶಾಖ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಬೇಕು. ಶಾಖ, ತೇವಾಂಶ, ಗಾಳಿಯ ಚಲನೆ, ಸುಡುವ ಸೌದೆಯ ಲೆಕ್ಕ ಎಲ್ಲವೂ ಆ ಒಂದು ಕೋಣೆಯಲ್ಲಿ ಸೇರಿವೆ. ಚನ್ನರಾಯಪಟ್ಟಣದವರಿಗೆ ತೆಂಗಿನ ಕಪ್ಪು ತಲೆ ಹುಳು, ನುಸಿ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆ: ಗರಿಷ್ಠ ಮಟ್ಟ 2,922 ಅಡಿ ಎಂದು ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಬರುವ ಅಂಕಿಯಿಂದ ದ್ರವದ ಒತ್ತಡದ ಪಾಠ ಶುರುಮಾಡಬಹುದು. ಕಾರೇಕೆರೆಯ ಕೃಷಿ ಕಾಲೇಜು, ಹಾಸನದ ಎಂಜಿನಿಯರಿಂಗ್ ಕಾಲೇಜುಗಳು ಈ ಕೆಲಸಕ್ಕೆ ಜೊತೆಯಾಗಬೇಕು.

3. ಏಪ್ರಿಲ್ 24 ತಪ್ಪಬಾರದು

ಕೋರ್ಸು ಪ್ರತಿ ವರ್ಷ ಏಪ್ರಿಲ್ 20ರೊಳಗೆ ಶುರುವಾಗಬೇಕೆಂದು ಕೇಳುವುದಕ್ಕೆ ಕಾರಣವಿದೆ. ಹಳೇಕೋಟೆ ಇರುವುದು ಸುಮಾರು 12.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿನಲ್ಲಿ ಸೂರ್ಯ ಇಲ್ಲಿ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಶಾಲೆಯ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಆಗ ಬುಡದಲ್ಲೇ ಅಡಗಿಬಿಡುತ್ತದೆ. ಅದು ಗಡಿಯಾರದ ಹನ್ನೆರಡಕ್ಕಲ್ಲ, 12 ಗಂಟೆ 20 ನಿಮಿಷ ದಾಟಿದ ಮೇಲೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕೆ. ಅದೇ ದಿನ ಬೀದರಿನ ಶಿಕ್ಷಕರು ಅಲ್ಲಿನ ನಡುಹಗಲಲ್ಲಿ ಒಂದು ಮೀಟರ್ ಕೋಲು ನಿಲ್ಲಿಸಿದರೆ ಉತ್ತರಕ್ಕೆ ಸುಮಾರು 9 ಸೆಂಟಿಮೀಟರ್ ನೆರಳು ಬೀಳುತ್ತದೆ. ಅಂದರೆ ಐದು ಡಿಗ್ರಿಗೆ ಸ್ವಲ್ಪ ಹೆಚ್ಚು ಕೋನ. ಎರಡೂ ಊರುಗಳ ನಡುವಿನ ಉತ್ತರ ದಕ್ಷಿಣ ದೂರ 570 ಕಿಲೋಮೀಟರಿನಷ್ಟು. ತ್ರೈರಾಶಿ ಹಾಕಿದರೆ ಭೂಮಿಯ ಸುತ್ತಳತೆ 40,000 ಕಿಲೋಮೀಟರಿನ ಹತ್ತಿರ ಬಂದು ನಿಲ್ಲುತ್ತದೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಎರಾಟೋಸ್ತನೀಸ್ ಹಿಡಿದ ದಾರಿ ಇದು. ಖರ್ಚು ಒಂದು ಕೋಲು, ಒಂದು ಫೋನ್ ಕರೆ.

ಈ ದಿನ ಬೇಸಿಗೆ ರಜೆಯಲ್ಲೇ ಬರುವುದರಿಂದ ಮಕ್ಕಳು ಶಾಲೆಯಲ್ಲಿ ಇರುವುದಿಲ್ಲ. ನಾವಾದರೂ ಅದನ್ನು ಮಾಡಿ ಕಲಿತಿದ್ದರೆ ಆಗಸ್ಟ್ 18ರ ಸುಮಾರಿಗೆ ಸೂರ್ಯ ಮತ್ತೆ ನೆತ್ತಿಗೆ ಬಂದಾಗ, ಮಳೆ ಬಿಡುವು ಕೊಟ್ಟರೆ, ಮಕ್ಕಳಿಂದ ಮಾಡಿಸಬಹುದು. ಕಲ್ಯಾಣ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲೂ ಇದೇ ಕೋರ್ಸು ಒಟ್ಟಿಗೆ ನಡೆಯಲಿ, ಈ ಅಳತೆಗೆ ಎರಡು ತುದಿಗಳು ಬೇಕು.

4. ಕಲಿಸುವವರು ವಿಜ್ಞಾನ ಮಾಡುವವರಾಗಿರಲಿ

ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಿಂದ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮ 2002ರವರೆಗೆ ನಡೆಯಿತು. ಬೇಸಿಗೆಯಲ್ಲಿ ದೆಹಲಿ ವಿಶ್ವವಿದ್ಯಾಲಯದ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ವಿಜ್ಞಾನಿಗಳು ಅಲ್ಲಿಗೆ ಬಂದು ಹಳ್ಳಿಯ ಮೇಷ್ಟ್ರುಗಳ ಜೊತೆ ನೆಲದ ಮೇಲೆ ಕುಳಿತು ಪ್ರಯೋಗ ಮಾಡಿದರು. ಆ ಮೇಷ್ಟ್ರುಗಳಲ್ಲಿ ಎಷ್ಟೋ ಮಂದಿ ಮುಂದೆ ಬೇರೆ ಶಿಕ್ಷಕರಿಗೆ ಕಲಿಸುವಷ್ಟು ಬೆಳೆದರು. ನಮ್ಮ ರಾಜ್ಯದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಪ್ರತಿಭಾ ಅಭಿವೃದ್ಧಿ ಕೇಂದ್ರ ನಡೆಸುತ್ತಿದೆ. ಅಲ್ಲಿಗೆ ಹೋದ ಶಿಕ್ಷಕರು ಉಪಕರಣ ಮುಟ್ಟಿ ಕಲಿತು ಬರುತ್ತಾರೆ. ಅಲ್ಲಿನ ಕಲಿಕೆಗೆ ನಮ್ಮ ಪದವಿಯಲ್ಲಿ ಕ್ರೆಡಿಟ್ ಸಿಗಬೇಕು. ಹಾಸನದಲ್ಲೇ 1982ರಿಂದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಭೂಸ್ಥಿರ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಕಾಯುವ ಎಂಜಿನಿಯರುಗಳು ನಮ್ಮೂರಿನಿಂದ ಬಸ್ಸಿನ ದಾರಿಯಲ್ಲೇ ಇದ್ದಾರೆ. ಬೇಸಿಗೆಗೆ ಎರಡು ದಿನ ಅವರು ನಮಗೆ ಗುರುತ್ವದ ಪಾಠ ಮಾಡಲಿ.

ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕಾಲೇಜು ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತಿವೆ. ಇಂಥ ಬಾಗಿಲು ಪ್ರೌಢಶಾಲಾ ಶಿಕ್ಷಕರಿಗೂ ತೆರೆಯಬೇಕೆಂದು ಇಲಾಖೆ ಅವುಗಳಿಗೆ ಬರೆಯಲಿ.

5. ಬೇಸಿಗೆಯನ್ನು ನಮಗೆ ಬಿಡಿ

ಮಾರ್ಚ್, ಏಪ್ರಿಲ್‌ನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಅದರ ಹಿಂದೆಯೇ ಮೌಲ್ಯಮಾಪನ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದ ಮೇಲೆ ರಜೆಯಲ್ಲೇ ವಿಶೇಷ ತರಗತಿ, ಎರಡನೇ ಪರೀಕ್ಷೆ. ನಡುವೆ ಚುನಾವಣೆ, ಗಣತಿ. 2025ರ ದಸರಾ ರಜೆ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಹೋಯಿತು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಎರಡನೇ ಪರೀಕ್ಷೆಯಿಂದ ಮತ್ತೊಂದು ಅವಕಾಶ ಸಿಗುವುದನ್ನು ನಾವು ವಿರೋಧಿಸುತ್ತಿಲ್ಲ. ಆದರೆ ಕೋರ್ಸಿಗೆ ಸೇರಿದ ಶಿಕ್ಷಕರನ್ನು ಆ ನಾಲ್ಕು ವಾರ ಬೇರೆ ಯಾವ ಕೆಲಸಕ್ಕೂ ಹಾಕಬಾರದೆಂದು ಲಿಖಿತ ಆದೇಶ ಬೇಕು. ಆ ದಿನಗಳನ್ನು ಕರ್ತವ್ಯವೆಂದು ಪರಿಗಣಿಸಿ ಗಳಿಕೆ ರಜೆಯನ್ನು ಸೇವಾ ಪುಸ್ತಕಕ್ಕೆ ಸೇರಿಸಬೇಕು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಕಡತ ಹಿಡಿದು ಅಲೆಯುವ ಪಾಡು ಬೇಡ.

6. ಪದವಿಗೆ ಬೆಲೆ ಇರಲಿ

ಪಿಯು ಉಪನ್ಯಾಸಕ ಹುದ್ದೆಯ ಬಡ್ತಿಗೆ ಈ ಎಂ.ಎಸ್ಸಿ. ಮಾನ್ಯವಾಗಬೇಕು. ಅದಕ್ಕಾಗಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ ಎಂದು ಮುಖ್ಯ ವಿಷಯ ಪ್ರಮಾಣಪತ್ರದಲ್ಲೇ ನಮೂದಾಗಬೇಕು. ಆರಂಭದ ದಿನವೇ ತತ್ಸಮಾನತೆಯ ಆದೇಶ ಕೈಗೆ ಬರಬೇಕು. ನಾಲ್ಕು ಬೇಸಿಗೆ ಓದಿದ ಮೇಲೆ ‘ಇದು ನಡೆಯುವುದಿಲ್ಲ’ ಎನ್ನಿಸಿಕೊಳ್ಳಲು ನಾವು ತಯಾರಿಲ್ಲ. ಶುಲ್ಕವನ್ನು ಇಲಾಖೆ ಭರಿಸಲಿ.

7. ಕನ್ನಡದಲ್ಲಿ ಕಲಿಸಿ

ನಾವು ಪಾಠ ಮಾಡುವುದು ಕನ್ನಡದಲ್ಲಿ. ಮಕ್ಕಳು ಯೋಚಿಸುವುದು ಕನ್ನಡದಲ್ಲಿ. ಸ್ನಾತಕೋತ್ತರ ಮಟ್ಟದ ವಿಜ್ಞಾನವನ್ನು ಕನ್ನಡದಲ್ಲಿ ಚರ್ಚಿಸಿ, ಪ್ರಬಂಧವನ್ನೂ ಕನ್ನಡದಲ್ಲೇ ಬರೆಯಲು ಅವಕಾಶವಿರಬೇಕು. ಇಂಗ್ಲಿಷ್ ಪುಸ್ತಕ ಓದುವುದಕ್ಕೆ ನಮಗೆ ಹಿಂಜರಿಕೆಯಿಲ್ಲ, ಓದುತ್ತೇವೆ. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲೇ ಕನ್ನಡದಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ತಂದರು. ಮೈಸೂರಿನ ಜೆ.ಆರ್. ಲಕ್ಷ್ಮಣರಾಯರು ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ಬದುಕಿನುದ್ದಕ್ಕೂ ಕನ್ನಡದಲ್ಲಿ ವಿಜ್ಞಾನ ಬರೆದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಓದಿಯೇ ನಮ್ಮಲ್ಲಿ ಕೆಲವರು ಈ ವಿಷಯ ಹಿಡಿದದ್ದು. ಶಿಕ್ಷಕರು ಪ್ರತಿ ವರ್ಷ ಬರೆಯುವ ಅಧ್ಯಯನ ವರದಿಗಳು ವಿಶ್ವವಿದ್ಯಾಲಯದಿಂದ ಕನ್ನಡದಲ್ಲಿ ಪ್ರಕಟವಾಗಲಿ.

8. ತಾಯಂದಿರನ್ನು ಹೊರಗಿಡಬೇಡಿ

ನಮ್ಮಲ್ಲಿ ಸಿಬಿಝಡ್ ಶಿಕ್ಷಕಿಯರು ಬಹಳ. ವಸತಿ ಸಹಿತ ಎಂದ ಕೂಡಲೇ ಅವರಲ್ಲಿ ಹಲವರ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತದೆ. ಮಗು ಚಿಕ್ಕದು, ಅತ್ತೆಗೆ ಹುಷಾರಿಲ್ಲ, ಏಪ್ರಿಲ್, ಮೇ ಅಂದರೆ ಮದುವೆ, ಜಾತ್ರೆ. ಮಗುವನ್ನು ಜೊತೆಗೆ ಕರೆತರಲು ಅನುಮತಿ, ಹಾಸ್ಟೆಲಿನಲ್ಲಿ ಆಯಾ ಇರುವ ಶಿಶುಪಾಲನಾ ಕೊಠಡಿ, ದಿನವೂ ಮನೆಗೆ ಹೋಗಿಬರಲೇಬೇಕಾದವರಿಗೆ ಹೊಳೆನರಸೀಪುರದಲ್ಲೇ ಒಂದು ಕಲಿಕಾ ಕೇಂದ್ರ ಬೇಕು. ಅಲ್ಲಿ ಸರ್ಕಾರಿ ಗೃಹ ವಿಜ್ಞಾನ ಕಾಲೇಜು ಇದೆ, ಪ್ರಯೋಗಾಲಯ ಇದೆ, ರೈಲು ನಿಲ್ದಾಣವೂ ಇದೆ.

9. ಅತಿಥಿ ಶಿಕ್ಷಕರೂ ಶಿಕ್ಷಕರೇ

ಹಲವು ಶಾಲೆಗಳಲ್ಲಿ ವಿಜ್ಞಾನ ನಡೆಯುತ್ತಿರುವುದೇ ಅವರಿಂದ. ಏಪ್ರಿಲ್ ಬಂದರೆ ಅವರ ಗೌರವಧನ ನಿಲ್ಲುತ್ತದೆ. ಒಟ್ಟು ಸ್ಥಾನಗಳಲ್ಲಿ ಕಾಲು ಭಾಗ ಅವರಿಗೆ ಮೀಸಲಿರಲಿ. ಕೋರ್ಸಿನ ದಿನಗಳಿಗೆ ಶಿಷ್ಯವೇತನ ಕೊಡಿ.

10. ಬೀರುವಿನ ಬೀಗ ತೆಗೆಸಿ

ಕಲಿತು ಬಂದದ್ದು ಶಾಲೆಯಲ್ಲಿ ನಡೆಯಬೇಕಲ್ಲ. ಎಷ್ಟೋ ಶಾಲೆಗಳಲ್ಲಿ ಉಪಕರಣಗಳಿವೆ. ಬೀರುವಿನಲ್ಲಿವೆ, ಬೀಗ ಹಾಕಿದೆ. ಯಾಕೆಂದರೆ ಬೀಕರು ಒಡೆದರೆ, ಥರ್ಮಾಮೀಟರು ಬಿದ್ದರೆ ದಾಸ್ತಾನು ವಹಿಯಲ್ಲಿ ಲೆಕ್ಕ ತಾಳೆಯಾಗುವುದಿಲ್ಲ, ಆಡಿಟ್‌ಗೆ ಬಂದವರು ವಸೂಲಿ ಬರೆಯುತ್ತಾರೆ. ವಸೂಲಿಗೆ ಹೆದರಿದ ಶಿಕ್ಷಕ ಗಾಜಿನ ಸಾಮಾನನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಚಿತ್ರ ಬರೆದು ತೋರಿಸುತ್ತಾನೆ. ಕೆಲವು ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗಿನ ಅನುದಾನದ ಅಟಲ್ ಟಿಂಕರಿಂಗ್ ಲ್ಯಾಬ್ ಬಂದಿದೆ. ಅಲ್ಲೂ ಕಲಿಸುವವರನ್ನು ತಯಾರು ಮಾಡದಿದ್ದರೆ ಯಂತ್ರಗಳ ಮೇಲೆ ಹೊದಿಕೆಯೇ ಗತಿ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಎಂಬ ಫಲಕ ಬರೆಸಿದ ಮಾತ್ರಕ್ಕೆ ಕೋಣೆ ಪ್ರಯೋಗಾಲಯ ಆಗುವುದಿಲ್ಲ.

ಆದ್ದರಿಂದ ಪ್ರಯೋಗ ಮಾಡುವಾಗ ಒಡೆದ, ಸವೆದ ಸಾಮಾನನ್ನು ಶಿಕ್ಷಕರ ಸಹಿಯ ಮೇಲೆಯೇ ದಾಸ್ತಾನಿನಿಂದ ತೆಗೆದುಹಾಕಲು ಸುತ್ತೋಲೆ ಹೊರಡಿಸಿ. ಕೋರ್ಸು ಮುಗಿಸಿದ ಪ್ರತಿಯೊಬ್ಬರ ಶಾಲೆಗೂ ಪ್ರತಿ ವರ್ಷ ರಾಸಾಯನಿಕ, ಗಾಜಿನ ಸಾಮಾನು ಕೊಳ್ಳಲು ಪ್ರತ್ಯೇಕ ಅನುದಾನ ಕೊಡಿ. ದುಬಾರಿ ಉಪಕರಣಗಳನ್ನು ಹೋಬಳಿಗೊಂದು ಶಾಲೆಯಲ್ಲಿಟ್ಟು ಉಳಿದವರು ಎರವಲು ಒಯ್ಯುವಂತೆ ಮಾಡಿ. ಹಳೇಕೋಟೆ ಹೋಬಳಿಯಲ್ಲಿ ಆ ಜವಾಬ್ದಾರಿ ಹೊರಲು ನಾವು ಸಿದ್ಧರಿದ್ದೇವೆ.

11. ಮುಂದಿನ ಬೇಸಿಗೆಗೇ ಮೊದಲ ತಂಡ

ಪಠ್ಯಕ್ರಮ ರಚಿಸುವ ಸಮಿತಿಯಲ್ಲಿ ಅರ್ಧದಷ್ಟು ಮಂದಿ ತರಗತಿಯಲ್ಲಿ ನಿಂತು ಕಲಿಸುತ್ತಿರುವ ಶಿಕ್ಷಕರಿರಬೇಕು. ಸಮಿತಿ ದಸರಾ ರಜೆಯೊಳಗೆ ಕರಡು ಸಿದ್ಧಪಡಿಸಲಿ, ಜನವರಿಯಲ್ಲಿ ಅರ್ಜಿ ಕರೆಯಲಿ, ಫೆಬ್ರುವರಿ ಕೊನೆಗೆ ಆಯ್ಕೆ ಪಟ್ಟಿ ಪ್ರಕಟವಾಗಲಿ. ಮೊದಲ ವರ್ಷಕ್ಕೆ ನಾಲ್ಕು ತಾಲ್ಲೂಕುಗಳಿಂದ ತಲಾ ಹತ್ತರಂತೆ 40 ಮಂದಿ ಸಾಕು. ಹೊಸ ಕಟ್ಟಡ ಕೇಳುತ್ತಿಲ್ಲ, ಉದ್ಘಾಟನಾ ಸಮಾರಂಭವೂ ಬೇಡ. ಇರುವ ಪ್ರಯೋಗಾಲಯದ ಕೀಲಿ, ನಾಲ್ಕು ವಾರ ನೀರು, ವಿದ್ಯುತ್ತು, ಊಟ, ಮತ್ತು ನಮ್ಮ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರ ಹುಡುಕಲು ಜೊತೆಗೆ ಕೂರುವ ನಾಲ್ಕಾರು ಅಧ್ಯಾಪಕರು. ಇಷ್ಟನ್ನು ಲಿಖಿತವಾಗಿ ಒಪ್ಪಿ ಉತ್ತರಿಸಬೇಕೆಂದು ಕೋರುತ್ತೇವೆ.

ಹಳೇಕೋಟೆ ಹೋಬಳಿ ಮತ್ತು ಹೊಳೆನರಸೀಪುರ, ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ವಿಜ್ಞಾನ, ಗಣಿತ ಶಿಕ್ಷಕ ಶಿಕ್ಷಕಿಯರು